ಸುತ್ತೋಲೆಯಲ್ಲಿ ಹೋದ ನ್ಯಾಯಾಧೀಶ

ಕೊರೊನಾದಿಂದ ವಿಮಾನಗಳು ನಿಂತು, ಜಪಾನಿನ ತ್ಸುಕುಬಾದಲ್ಲಿ ಮಗಳ ಮನೆಯಲ್ಲಿ ನಾನು ಉಳಿದುಹೋದ ಕಾಲದ ಸಂಗತಿಯಿದು. ಎದುರು ಮನೆಯಲ್ಲಿ ಅಮೆರಿಕದ ವೃದ್ಧೆಯೊಬ್ಬರಿದ್ದರು. ಅವರ ಜಪಾನಿ ಪತಿ ಆ ಚಳಿಗಾಲದಲ್ಲಷ್ಟೇ ತೀರಿಕೊಂಡಿದ್ದರು. ಸೋಂಕಿನ ಭಯದಿಂದ ಬೀದಿಯ ಯಾರೂ ಅಂತ್ಯಕ್ರಿಯೆಗೆ ಹೋಗಿರಲಿಲ್ಲ.

ಆ ಬೀದಿಯಲ್ಲಿ ಸುತ್ತೋಲೆಯ ಹಲಗೆಯೊಂದು ಮನೆಯಿಂದ ಮನೆಗೆ ಹೋಗುತ್ತದೆ. ಓದಿದವರು ತಮ್ಮ ಸಾಲಿನಲ್ಲಿ ಮುದ್ರೆಯೊತ್ತಿ ಮುಂದಿನ ಮನೆಯ ಬಾಗಿಲಲ್ಲಿಡಬೇಕು. ಒಮ್ಮೆ ಆಕೆ ಬೀದಿಯ ಮುಖ್ಯಸ್ಥರಿಗೆ ಹೇಳಿ, ತಾವೇ ಬರೆದ ತಮ್ಮ ಅಜ್ಜನ ಜೀವನಚರಿತ್ರೆಯನ್ನು ಅದರಲ್ಲಿ ಸೇರಿಸಿದರು. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ಒಂದು ರಾಜ್ಯದ ಶಾಸಕ, ಆಮೇಲೆ ನ್ಯಾಯಾಧೀಶ; ಜಪಾನಿಯರು ಅಲ್ಲಿ ಜಮೀನು ಕೊಳ್ಳಬಾರದೆಂಬ ಮಸೂದೆಯನ್ನು ವಿರೋಧಿಸಿದ ಧೀರ. ಅದರ ಇಂಗ್ಲಿಷ್ ಪ್ರತಿಯನ್ನು ನನಗೆ ಕೊಡುತ್ತಾ, "ಮೂವತ್ತು ವರ್ಷವಾದರೂ ಈ ಬೀದಿಗೆ ನಾನು ಹೊರಗಿನವಳೇ. ಇದನ್ನು ಓದಿದ ಮೇಲಾದರೂ ಒಳಗೆ ಕರೆಯುತ್ತಾರೇನೋ" ಎಂದು ನಕ್ಕರು.

ಏಳನೆಯ ತರಗತಿಗೇ ಶಾಲೆ ಬಿಟ್ಟು, ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಕಡತಗಳಿಂದಲೇ ಇಂಗ್ಲಿಷ್ ಕಲಿತವನು ನಾನು. ಮೊಮ್ಮಕ್ಕಳು ಬರೆದ ಅಜ್ಜಂದಿರ ಚರಿತ್ರೆಯನ್ನು ನಂಬುವ ಅಭ್ಯಾಸ ನನಗಿಲ್ಲ. ಆ ಶಾಸನಸಭೆಯ ಹಳೆಯ ನಡವಳಿಗಳು ಅಂತರ್ಜಾಲದಲ್ಲಿದ್ದವು. ಹನ್ನೊಂದು ದಿನ ಹುಡುಕಿದೆ. ಮಸೂದೆಯ ಪರ ಮತ ಹಾಕಿದವರ ಪಟ್ಟಿಯಲ್ಲಿ ಅಜ್ಜನ ಹೆಸರಿತ್ತು.

ಮುಂದಿನ ಸುತ್ತೋಲೆ ಬಂದಾಗ ಆ ಪುಟವನ್ನೂ, ಮೊಬೈಲ್ ಅನುವಾದಿಸಿಕೊಟ್ಟ ಎರಡು ಸಾಲಿನ ಜಪಾನಿ ಟಿಪ್ಪಣಿಯನ್ನೂ ಹಲಗೆಗೆ ಸಿಕ್ಕಿಸಿದೆ. ಹಲಗೆ ಬೀದಿಯ ಎರಡೂ ಬದಿ ಸುತ್ತಿ ಬರುವಾಗ ನಮ್ಮದು ಮೊದಲ ಮನೆ, ಎದುರಿನ ಆಕೆಯದು ಕೊನೆಯದು. ಅದು ನನಗೆ ತಿಳಿದಿತ್ತು.

ವಾರದ ನಂತರ ಆಕೆ ಹಲಗೆ ಹಿಡಿದು ನಮ್ಮ ಗೇಟಿಗೆ ಬಂದರು. ಎಲ್ಲರ ಕೆಂಪು ಮುದ್ರೆಗಳೂ ಅದರ ಮೇಲಿದ್ದವು.

"ನನಗೆ ಮೊದಲು ತೋರಿಸಬಹುದಿತ್ತು."

"ತೋರಿಸಿದ್ದರೆ ಮುಚ್ಚಿಡುತ್ತಿದ್ದಿರಿ."

"ಇಲ್ಲ, ನಾನೇ ತಿದ್ದಿ ಬರೆಯುತ್ತಿದ್ದೆ. ಅಷ್ಟನ್ನೂ ನನಗೆ ಬಿಡಲಿಲ್ಲ ನೀವು."

ಆಕೆ ಹೋದ ಮೇಲೆ ಮಗಳು ಸಿಡಿದಳು. "ಅಪ್ಪಾ, ಏನ್ ಸಾಧಿಸ್ದೆ ಹೇಳು? ಗಂಡ ಹೋಗಿ ಆರು ತಿಂಗ್ಳಾಗಿಲ್ಲ, ಈಗ ಅಜ್ಜನ್ನೂ ಕಿತ್ಕೊಂಡೆ!"

"ಸುಳ್ಳು ಹೋದ ದಾರೀಲೇ ನಿಜಾನೂ ಹೋಯ್ತು ಕಣಮ್ಮ."

"ನಿನ್ ನಿಜಕ್ಕೊಂದು ಫ್ರೇಮ್ ಹಾಕಿಸ್ಕೋ. ದಿನಾ ಕೊಂಬಿನಿ ಅಂಗಡಿ ಹತ್ರ ಅವರ ಮುಖ ನೋಡ್ಬೇಕಾಗಿರೋಳು ನಾನು."

ಮುಂದಿನ ಸುತ್ತೋಲೆಯ ಪಟ್ಟಿಯಲ್ಲಿ ಕೊನೆಯ ಸಾಲೇ ಇರಲಿಲ್ಲ. ತಮ್ಮ ಹೆಸರು ಬಿಡಬೇಕೆಂದು ಆಕೆಯೇ ಕೇಳಿಕೊಂಡರೆಂದು ಬೀದಿಯ ಮುಖ್ಯಸ್ಥರು ಎರಡು ಸಲ ಬಾಗಿ, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಾ ಮಗಳಿಗೆ ತಿಳಿಸಿದರಂತೆ. ಆ ಮಾತನ್ನು ನಾನು ಅಂದೂ ನಂಬಲಿಲ್ಲ, ಇಂದೂ ನಂಬಿಲ್ಲ. ಆದರೆ ಅದನ್ನು ಪರಿಶೀಲಿಸಲು ಯಾವ ನಡವಳಿಯೂ ಇರಲಿಲ್ಲ. ರಸ್ತೆ ದಾಟಿ ಆಕೆಯನ್ನೇ ಕೇಳಬೇಕಿತ್ತು. ಇನ್ನೂ ಏಳು ತಿಂಗಳು ಅಲ್ಲೇ ಇದ್ದೆ. ಕೇಳಲಿಲ್ಲ.