ಶರಣಪ್ಪ ಸರ್ ಮತ್ತು ಹಂಗೇರಿಯ ಹೂದಾನಿಗಳು

ನಂಬಲಿಕ್ಕೆ ಆಗುತ್ತಿಲ್ಲ...
ನಿನ್ನೆ ಸ್ಟಾಫ್‌ರೂಮಿನಲ್ಲಿ ನನ್ನ ಎದುರಿಗೆ ಕೂತು ಚಹಾ ಕುಡಿದವರು.
ಬೆಳಿಗ್ಗೆ ಫೋನ್ ಬಂತು... ಹಾರ್ಟ್ ಅಟ್ಯಾಕ್ ಅಂತೆ.
ನಮ್ಮ ಸೇಡಂ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ್ ಶರಣಪ್ಪ ಸರ್ ಇನ್ನಿಲ್ಲ.

ಚಿತ್ತಾಪುರದ ಅವರ ಮನೆಯ ಕಟ್ಟೆಯ ಮೇಲೆ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ.
ತಪ್ಪಿದ್ದರೆ ಕ್ಷಮಿಸಿ...

ಗೊತ್ತಿಲ್ಲದವರಿಗೆ ಹೇಳಬೇಕು.
ಸರ್‌ಗೆ ಒಂದು ಹುಚ್ಚಿತ್ತು... ಹಂಗೇರಿ ದೇಶದ ಹಳೆಯ ಪಿಂಗಾಣಿ ಹೂದಾನಿಗಳು.
ಕೈಯಿಂದ ಚಿತ್ರ ಬರೆದವು ಮಾತ್ರ.
ಮೊದಲನೆಯದು ಶಹಾಬಾದಿನಲ್ಲಿ ಯಾವುದೋ ಹಳೆಯ ಬಂಗಲೆ ಖಾಲಿ ಮಾಡುವಾಗ ಸಿಕ್ಕಿದ್ದು.
ಆಮೇಲೆ ರಜೆ ಸಿಕ್ಕರೆ ಸಾಕು, ರೈಲು ಹತ್ತಿ ಹೈದರಾಬಾದಿನ ಹಳೇ ಸಾಮಾನಿನ ಅಂಗಡಿಗಳಿಗೆ.
ಬರುವಾಗ ಎಣ್ಣೆ ಡಬ್ಬಿಯಲ್ಲಿ ತೊಗರಿ ಹೊಟ್ಟು ತುಂಬಿ, ಅದರೊಳಗೆ ಹೂದಾನಿ ಹುಗಿದು, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬರುವರು.
ಒಂದೂ ಒಡೆದಿಲ್ಲ.

ಯಾರೇ ಮನೆಗೆ ಹೋದರೂ ಸರ್ ಹೂದಾನಿ ಬೋರಲು ಮಾಡಿ ತಳ ತೋರಿಸಲೇಬೇಕು. ಚಿತ್ರ ಬರೆದವರ ಸಣ್ಣ ಗುರುತು ಅಲ್ಲಿರುತ್ತದೆ.
“ಈ ಪಾತರಗಿತ್ತಿ ನೋಡ್ರಿ. ಒಂದು ರೆಕ್ಕಿ ಸಣ್ಣದಾಗ್ಯಾದ. ಅವತ್ತು ಯಾಕೋ ಚಿತ್ರ ಬರದಾಕಿ ಕೈ ನಡುಗ್ಯಾದ...”

ಒಳಗಿನಿಂದ ಅವರ ಹೆಂಡತಿ, ನೀಲಮ್ಮ ವೈನಿ, ಅನ್ನುವರು:
“ಇವರಿಗಿ ಮನ್ಯಾಗ ನಾ ಕಾಣಂಗಿಲ್ಲ, ಬರೇ ಪಾತರಗಿತ್ತಿ ಕಾಣ್ತಾವ. ಒಂದಿನ ಎಲ್ಲಾ ಹಳೇ ಸಾಮಾನಿನ ಗಾಡಿಯವನಿಗಿ ಕೊಟ್ಟು ಸ್ಟೀಲ್ ಡಬ್ಬಿ ತಗೋತೀನಿ ನೋಡ್ರಿ.”
ನಾವು ನಗುತ್ತಿದ್ದೆವು. ಸರ್ ಮಾತ್ರ ಹೂದಾನಿಯನ್ನು ಶೋಕೇಸಿನಲ್ಲಿಟ್ಟು ಬಾಗಿಲು ಹಾಕುವರು.
ಒಮ್ಮೆ ನನ್ನನ್ನು ಮೆಲ್ಲಗೆ ಕೇಳಿದ್ದರು...
“ನಾ ಹೋದ ಮ್ಯಾಲ ಇವನ್ನ ಯಾರು ನೋಡ್ತಾರ್ರಿ?”
ಅದೊಂದೇ ಭಯ ಅವರಿಗೆ.

ಸರ್... ಕೇಳುತ್ತಿದ್ದೀರಾ?
ನಿಮ್ಮನ್ನು ಪಡಸಾಲೆಯಲ್ಲಿ ಕೂಡಿಸಿದ್ದಾರೆ. ಹಣೆ ತುಂಬ ವಿಭೂತಿ.
ಊದಿನಕಡ್ಡಿ ಚುಚ್ಚಲು ಏನೂ ಸಿಗದೆ, ನಾಲವಾರದಿಂದ ಬಂದ ನಿಮ್ಮ ಸೋದರತ್ತೆ ಶೋಕೇಸಿನಿಂದ ಆ ಪಾತರಗಿತ್ತಿಯ ಹೂದಾನಿಯನ್ನೇ ತೆಗೆದು, ಜೋಳ ತುಂಬಿ, ನಿಮ್ಮ ಮುಂದೆ ಇಟ್ಟರು.
ಪಾಪ, ಅವರಿಗೇನು ಗೊತ್ತು...
ಬೇಡ ಅನ್ನೋಣವೆಂದರೆ, ಸಾವಿನ ಮನೆಯಲ್ಲಿ ಬಾಯಿ ತೆಗೆಯುವುದು ಹೇಗೆ?

ಅಲ್ಲಿಯವರೆಗೂ ಗೋಡೆಗೆ ಒರಗಿ ಕೂತಿದ್ದ ವೈನಿ ಎದ್ದರು.
ಕಡ್ಡಿ ತೆಗೆದರು. ಜೋಳವನ್ನು ಮೊರಕ್ಕೆ ಸುರಿದರು.
ಸೆರಗಿನಿಂದ ಬೂದಿ ಒರೆಸಿ... ಬೋರಲು ಮಾಡಿ ತಳ ನೋಡಿದರು.
“ಇದರಾಗ ಬ್ಯಾಡ್ರಿ ಅತ್ತಿ... ಅವರು ಬೈತಾರ.”
ಅಷ್ಟು ಹೇಳಿದವರೇ ಅದನ್ನು ಎದೆಗೆ ಅವಚಿಕೊಂಡು ಅಳಲು ಶುರುಮಾಡಿದರು.
ಬೆಳಗಿನಿಂದ ಒಂದು ಹನಿ ಅತ್ತಿರಲಿಲ್ಲ ಅವರು.
ಈಗಲೂ ಹೂದಾನಿ ಕೈಯಲ್ಲೇ ಇದೆ. ಯಾರು ಕೇಳಿದರೂ ಕೊಡುತ್ತಿಲ್ಲ.

ಸ್ನೇಹಿತರೇ, ಸಂಜೆ ಅವರ ಹೊಲದಲ್ಲೇ ಮಣ್ಣು. ಬರುವವರು ಬನ್ನಿ.

ಸರ್... ಹೂದಾನಿಗಳ ಚಿಂತೆ ಬಿಡಿ.
ನಮಗೀಗ ವೈನಿಯದೇ ಚಿಂತೆ.
ಬಯಲಲ್ಲಿ ನಿಮ್ಮ ಜೀವ ತಣ್ಣಗಿರಲಿ... 🙏