ಪಾಲಿಗೆ ಬಂದ ಬಿಸಿಲು

ಪಂಚಭೂತಗಳನ್ನು ಪಳಗಿಸಿ, ಅವುಗಳ ಹೆಗಲಿಗೆ ನೊಗ ಹೂಡಿದ ಮನುಷ್ಯನ ಮಹಿಮೆ ಅಪಾರವಾದದ್ದು. ನಮ್ಮ ಮನೆಯ ಫ್ಯಾನು ಮಾತ್ರ ನಿಂತಿತ್ತು. ನಿಂತ ಫ್ಯಾನನ್ನು ನೋಡುತ್ತ ಅಂಗಾತ ಮಲಗುವುದು ಯಲಬುರ್ಗಾ ಸೀಮೆಯಲ್ಲಿ ಬೇಸಿಗೆಯ ಮುಖ್ಯ ಉದ್ಯೋಗ. ನೀವೂ ಮಲಗಿ ನೋಡಿದರೆ ಗೊತ್ತಾದೀತು, ವಿದ್ಯುತ್ತಿನ ಬಗ್ಗೆ ಗಂಭೀರ ಚಿಂತನೆ ಹುಟ್ಟುವುದು ಅದು ಇಲ್ಲದಾಗಲೇ. ಅತ್ತ ತುಂಗಭದ್ರೆ ಅಣೆಕಟ್ಟಿನಲ್ಲಿ ಧುಮುಕಿ ವಿದ್ಯುತ್ತಾಗುತ್ತಾಳೆ. ಇತ್ತ ಕುಷ್ಟಗಿಯ ದಾರಿಯುದ್ದಕ್ಕೂ ಗಾಳಿಯಂತ್ರಗಳು ಒಂಟಿಗಾಲಿನ ತಪಸ್ವಿಗಳಂತೆ ನಿಂತು ಮೂರು ಕೈ ತಿರುವುತ್ತವೆ. ಗಾಳಿ ಜೋರಾದ ದಿನ ಅವಕ್ಕೆ ಭಾರೀ ಹುರುಪು. ಅದೇ ಗಾಳಿಗೆ ನಮ್ಮೂರ ಜೋತುಬಿದ್ದ ತಂತಿಗಳು ಒಂದಕ್ಕೊಂದು ತಾಗುತ್ತವೆಂದು ಕರೆಂಟು ತೆಗೆಯುತ್ತಾರೆ. ಗಾಳಿಯಿಂದ ವಿದ್ಯುತ್ತು ಬರುವ ಬಗೆಯನ್ನು ಲೋಕವೆಲ್ಲ ಬಲ್ಲದು. ಗಾಳಿಯಿಂದ ಅದು ಹೋಗುವ ಬಗೆ ನಮ್ಮ ಕೊಡುಗೆ.

ಬರೀ ಫ್ಯಾನಿಗಾಗಿ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಕ್ಕ ಶಾಂತವ್ವನಿಗೆ ದಮ್ಮು. ಉಸಿರು ಕಟ್ಟಿದಾಗ ಮೂಗಿಗೆ ಔಷಧದ ಹಬೆ ಊದುವ ಪುಟ್ಟ ಯಂತ್ರಕ್ಕೆ ಕರೆಂಟು ಬೇಕು. ಮೊದಲು ಸೈಕಲ್ಲಿಗೆ ಡೈನಮೊ ಕಟ್ಟಿ, ಅಂಗಳದಲ್ಲಿ ಸ್ಟ್ಯಾಂಡು ಹಾಕಿ, ಭಗೀರಥನ ಗಾಂಭೀರ್ಯದಿಂದ ತುಳಿದೆ. ದೀಪ ಕೆಂಪಗಾಗುವಷ್ಟರಲ್ಲಿ ನಾನು ಅದಕ್ಕಿಂತ ಕೆಂಪಗಾದೆ.

"ಇಳಿಯೋ ತಮ್ಮಾ," ಎಂದಳು ಅಕ್ಕ. "ನಿನಗೂ ದಮ್ಮು ಹತ್ತೀತು. ಮಷಿನ್ ಒಂದ ಐತಿ."

ಆಮೇಲೆ ಸೂರ್ಯನಿಗೆ ಶರಣಾದೆ. ಮಣ್ಣಿನ ಮಾಳಿಗೆ ಭಾರ ತಾಳದೆಂದು ಸೋಲಾರ್ ಪ್ಲೇಟನ್ನು ಹಿತ್ತಲಲ್ಲೇ, ಸೊಂಟದೆತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ಕೂಡಿಸಿ, ಒಳಗೆ ಬ್ಯಾಟರಿ ಇಟ್ಟೆ. ಅಕ್ಕ ಗಾಜನ್ನು ಮುಟ್ಟಿ ನೋಡಿದಳು. ಹಸನಾಗಿ ಕಾಯುವ, ಮಣ್ಣು ತಾಗದ, ಬಗ್ಗದೆಯೇ ಕೈಗೆಟಕುವ ಇಂಥ ಜಾಗಕ್ಕಾಗಿ ನಮ್ಮ ಕಡೆಯ ಹೆಣ್ಣುಮಕ್ಕಳು ತಲೆಮಾರುಗಳಿಂದ ಕಾದಿದ್ದರೆಂದು ತೋರುತ್ತದೆ. ಮರುದಿನ ನೋಡುತ್ತೇನೆ, ಪ್ಲೇಟಿನ ತುಂಬ ನನ್ನದೇ ಧೋತರ, ಧೋತರದ ತುಂಬ ಸಂಡಿಗೆ.

"ಅಕ್ಕಾ, ಪ್ಲೇಟು ಬಿಸಲು ಕುಡೀಬೇಕವ್ವಾ."

"ಕುಡೀಲಿ, ನಾ ಏನ್ ಬ್ಯಾಡ ಅಂದ್ನೇನು? ಸಂಡಿಗಿ ಏನ್ ಭಾಳ ಕುಡೀತಾವ?"

ನಾನು ತೆಗೆಯುವುದು, ಅವಳು ಹಾಸುವುದು. ಕೊನೆಗೆ ಹೊಲ ಪಾಲು ಮಾಡಿಕೊಳ್ಳುವ ಅಣ್ಣತಮ್ಮಂದಿರಂತೆ ರಾಜಿಯಾದೆವು: ಧೋತರವನ್ನು ನಡುವೆ ಮಡಿಚಿ ಅರ್ಧ ಪ್ಲೇಟು ಸಂಡಿಗೆಗೆ, ಅರ್ಧ ಬ್ಯಾಟರಿಗೆ. ಅರ್ಧ ಬಿಸಿಲಿಗೆ ಅರ್ಧ ಕರೆಂಟಾದರೂ ಹುಟ್ಟೀತೆಂಬುದು ನಮ್ಮ ನ್ಯಾಯ. ಪ್ಲೇಟಿಗೆ ಪಾಲಿನ ಪದ್ಧತಿ ಗೊತ್ತಿರಲಿಲ್ಲ. ಅರ್ಧ ಮುಚ್ಚಿದರೆ ಅದು ಹೆಚ್ಚುಕಡಿಮೆ ಪೂರ್ತಿ ಸುಮ್ಮನಿರುತ್ತದೆಂದು ನಮಗೂ ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಗಾಳಿ ಎದ್ದಿತು, ಫ್ಯಾನು ನಿಂತಿತು, ಅಕ್ಕನ ಉಸಿರು ಕಟ್ಟಿತು. ಬ್ಯಾಟರಿಗೆ ಹಚ್ಚಿದ ಯಂತ್ರ ಒಮ್ಮೆ ಗುರ್ ಎಂದು ಸುಮ್ಮನಾಯಿತು. ಪಕ್ಕದ ಮನೆಯವರ ಟಂಟಂನಲ್ಲಿ ಅವಳನ್ನು ಕೂಡಿಸಿಕೊಂಡು ಕೊಪ್ಪಳದ ದಾರಿ ಹಿಡಿದೆ. ಎರಡೂ ಕಡೆ ಗಾಳಿಯಂತ್ರಗಳು ಲೋಕಕ್ಕೆಲ್ಲ ಸಾಲುವಷ್ಟು ತಿರುಗುತ್ತಿದ್ದವು.

"ಸಂಡಿಗಿ... ಒಳಗ ಇಟ್ಟಿಯೇನೋ?" ಎಂದಳು, ತಡೆತಡೆದು.

"ಇಟ್ಟೀನಿ."

ಇಟ್ಟಿರಲಿಲ್ಲ. ಸಂಜೆ ಹೊತ್ತಿಗೆ ಅವು ಹಿತ್ತಲ ತುಂಬ ಹಾರಿ ಬಿದ್ದಿದ್ದವು, ಧೋತರ ಬೇಲಿಗೆ ಸಿಕ್ಕಿತ್ತು. ಅಕ್ಕ ಜೀವಸಹಿತ ಆಸ್ಪತ್ರೆ ಮುಟ್ಟಲಿಲ್ಲ.

ಈಗ ಪ್ಲೇಟಿನ ಮೇಲೆ ಏನೂ ಒಣಗುವುದಿಲ್ಲ. ಬ್ಯಾಟರಿ ದಿನಾ ತುಂಬುತ್ತದೆ. ಕರೆಂಟು ಹೋದರೂ ಫ್ಯಾನು ತಿರುಗುತ್ತದೆ.