ಒರೆಸಿಹೋದ ಬಿಳಿ ಚುಕ್ಕೆ

ಆ ಬಿಳಿ ಚುಕ್ಕೆಯ ಕಥೆ ಶುರುವಾದದ್ದು ಮಳೆ ಹಿಂದೆಗೆದು ಆಕಾಶ ತೊಳೆದಿಟ್ಟಂತಾದ ದಿನಗಳಲ್ಲಿ, ಬೆಳಗಿನ ಜಾವ ನಾಲ್ಕೂವರೆಗೆ. ವರ್ಷವಾಯಿತು. ಇಂದೂ ಅದೇ ಹೊತ್ತಿಗೆ ಗಾಜಣ್ಣ ತಾರಸಿಯ ಮೆಟ್ಟಿಲೇರುತ್ತಾರೆ. ದೂರದರ್ಶಕಕ್ಕೆ ಹೊದಿಸಿದ ಹಳೇ ಬೆಡ್‌ಶೀಟು ಸರಿಸಿ, ಇಬ್ಬನಿ ಕೂತಿದೆಯೇ ಎಂದು ಅಂಗೈಯಿಂದ ಕೊಳವೆ ಸವರುತ್ತಾರೆ. ಯುರೇನಸ್ ಹುಡುಕಲು ಅವರಿಗೆ ಐದು ನಿಮಿಷ ಸಾಕು. ಬರಿಗಣ್ಣಿಗೆ ಇದ್ದೂ ಇಲ್ಲದಂಥ ಗ್ರಹ. ದೂರದರ್ಶಕದಲ್ಲಿ ತಿಳಿಹಸಿರು ಬಟಾಣಿಯಷ್ಟು.

ಹಗಲಲ್ಲಿ ಅವರು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಾರೆ. ಹಾಗಾಗಿಯೇ ಎಲ್ಲರಿಗೂ ಗಾಜಣ್ಣ. ದಿನಕ್ಕೆ ನಲವತ್ತು ಜೊತೆ. ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು, ಧೂಳು ಒರೆಸಿ, ಮತ್ತೆ ಹಿಡಿದು, ಮತ್ತೆ ಒರೆಸುತ್ತಾರೆ. ಮೂವತ್ತೊಂದು ವರ್ಷದಿಂದ ಇದೇ. ದೂರದರ್ಶಕದ ಹನ್ನೆರಡು ಇಂಚಿನ ಕನ್ನಡಿಯನ್ನೂ ಹನ್ನೊಂದು ತಿಂಗಳು ತಾವೇ ಉಜ್ಜಿ ಮಾಡಿಕೊಂಡರು. "ಓದಿದ್ದು ಏಳನೇ ಕ್ಲಾಸು. ಗಾಜು ಮಾತ್ರ ನನ್ನ ಮಾತು ಕೇಳುತ್ತೆ," ಎನ್ನುತ್ತಾರೆ.

ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಗಂಟೆ, ನಿಮಿಷ ಬರೆದುಕೊಳ್ಳುತ್ತಿದ್ದವರು ಅವರ ಅಕ್ಕ. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ದುಡಿದು ನಿವೃತ್ತರಾದವರು. ವರ್ಷದ ಹಿಂದಿನ ಆ ಬೆಳಗ್ಗೆ ಗಾಜಣ್ಣ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ, ಕಡುಗೆಂಪು ಫಿಲ್ಟರ್ ಹಾಕಿ ತೆಗೆದ ಆರು ಸಾವಿರ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿದಾಗ, ಗ್ರಹದ ಅಂಚಿನಲ್ಲಿ ಬಿಳಿ ಚುಕ್ಕೆಯೊಂದು ಕಂಡಿತು.

"ಥೂ, ಕ್ಯಾಮೆರಾ ಒಳಗೆ ಧೂಳು!"

"ಧೂಳಲ್ಲ ಕಣೋ," ಎಂದರು ಅಕ್ಕ. "ಕ್ಯಾಮೆರಾನ ಕಾಲು ಸುತ್ತು ತಿರುಗಿಸಿ ಇನ್ನೊಂದ್ಸಲ ತೆಗಿ. ಧೂಳಾದ್ರೆ ಚಿತ್ರದಲ್ಲಿ ಇದ್ದಲ್ಲೇ ಇರುತ್ತೆ, ಗ್ರಹದ್ದಾದ್ರೆ ಅದರ ಜೊತೆ ತಿರುಗುತ್ತೆ. ಫಿಲ್ಮಿನ ಕಲೆ ಯಾವ್ದು, ಎದೆಯೊಳಗಿನ ಕಲೆ ಯಾವ್ದು ಅಂತ ನೋಡಿ ನೋಡಿ ಕಣ್ಣು ಸವೆಸಿದೋಳು ನಾನು."

"ಇದು ನಿನ್ನ ರೋಗಿಗಳ ಎದೆಯಲ್ಲ ಅಕ್ಕ. ಸುಮ್ನೆ ಟೈಮ್ ಬರಿ."

ಬೆಳಕು ಹರಿಯುತ್ತಿತ್ತು. ಕ್ಯಾಮೆರಾ ತಿರುಗಲಿಲ್ಲ. ಅಂದೇ ಗಾಜಣ್ಣ ಕಂಪ್ಯೂಟರಿನಲ್ಲಿ ಚುಕ್ಕೆ ಅಳಿಸಿ, ಜಾಗ ಸಾಲದೆಂದು ಆರು ಸಾವಿರವನ್ನೂ ಕಿತ್ತುಹಾಕಿದರು.

ಹತ್ತು ದಿನಕ್ಕೆ ಹವ್ಯಾಸಿ ವೀಕ್ಷಕರ ಬಳಗದಿಂದ ಸುದ್ದಿ ಬಂತು: ಯುರೇನಸ್ಸಿನಲ್ಲಿ ದೊಡ್ಡ ಬಿಳಿ ಮೋಡ ಎದ್ದಿದೆ, ಮೊದಲು ಕಂಡವರು ಯಾರು? ಬಳಗದವರೆಲ್ಲರಿಗಿಂತ ಮೂರು ದಿನ ಮುಂಚೆಯೇ ಅಕ್ಕ ಕಂಡಿದ್ದರು. ನೋಟ್‌ಬುಕ್ಕಿನಲ್ಲಿ ಅವರದೇ ಅಕ್ಷರ: "5.22. ಬಿಳಿ ಚುಕ್ಕೆ. ತಮ್ಮ ಧೂಳು ಅಂತಾನೆ."

ಅಕ್ಕ ನಕ್ಕುಬಿಟ್ಟರು. "ಗಾಜು ಒರೆಸೋನ ಕೈಗೆ ಗ್ರಹ ಸಿಕ್ರೆ ಇನ್ನೇನಾಗುತ್ತೆ? ಅದನ್ನೂ ಒರೆಸಿಟ್ಟ! ಹೋಗ್ಲಿ, ಆ ಪುಟಾನಾದ್ರೂ ಕಳಿಸು."

ಕಳಿಸಿದರೆ ತಮ್ಮ ದಡ್ಡತನ ಬಳಗಕ್ಕೆಲ್ಲ ಗೊತ್ತಾಗುತ್ತದೆ. ನಾಳೆ, ನಾಳೆ ಎನ್ನುತ್ತ ಗಾಜಣ್ಣ ನಾಲ್ಕು ತಿಂಗಳು ತಳ್ಳಿದರು. ಅಕ್ಕ ಎರಡು ಸಲ ಕೇಳಿ, ಆಮೇಲೆ ಕೇಳುವುದನ್ನೇ ಬಿಟ್ಟರು.

ಈಗ ಬಳಗದ ಪಟ್ಟಿಯಲ್ಲಿ ಆ ಮೋಡ ಕಂಡವರ ಸಾಲಿನ ಮೊದಲಿಗೇ ಅಕ್ಕನ ಹೆಸರಿದೆ. ಪಕ್ಕದಲ್ಲಿ 'ಚಿತ್ರವಿಲ್ಲ, ಬರಹ ಮಾತ್ರ' ಎಂಬ ಸಣ್ಣ ಟಿಪ್ಪಣಿ. ಗಾಜಣ್ಣ ಅದನ್ನು ತೋರಿಸುತ್ತಾರೆ, ಹೆಚ್ಚು ಹೊತ್ತು ನೋಡುವುದಿಲ್ಲ.

"ಹೆಸರೇನೋ ಬಂತು ಬಿಡಿ. ಅವಳ ಎದುರಿಗೆ ಕೂತು, ನೀನು ಹೇಳಿದ್ದೇ ಸರಿ ಅಕ್ಕ, ಅಂತ ಒಂದ್ಸಲ ಅನ್ಬೇಕಿತ್ತು. ನಾಲಿಗೆ ಏಳ್ಲಿಲ್ಲ."

ಆ ಪುಟ ಕಳಿಸಿದ್ದು ಒಂದು ಶನಿವಾರ. ಅಕ್ಕ ತೀರಿಕೊಂಡದ್ದು ಅದರ ಹಿಂದಿನ ಬುಧವಾರ.